ಉಕ್ಕುತಲೆಯ ಮೀನೂ ಬದಲಾಗುತ್ತ ಬಂದ ಗಾಳವೂ

ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವವರನ್ನು ನೀವು ನೋಡಿರುತ್ತೀರಿ. ಕೋಲಿನ ತುದಿಗೆ ಒಂದು ದಾರ, ದಾರದ ನಡುವೆ ಒಂದು ಬೆಂಡು, ತುದಿಯ ಕೊಕ್ಕೆಗೆ ಸಿಕ್ಕಿಸಿದ ಎರೆಹುಳು. ಬೆಂಡು ಮುಳುಗಿದರೆ ಮೀನು ಕಚ್ಚಿತೆಂದು ಅರ್ಥ. ಈ ಕೆಲಸದಲ್ಲಿ ಮನುಷ್ಯನ ಜೊತೆಗಾರ ಯಾರು ಎಂದರೆ ಮೀನಿನ ಹಸಿವು. ಹಸಿದ ಮೀನು ಎರೆಯನ್ನು ನುಂಗುತ್ತದೆ, ಎರೆಯೊಳಗಿನ ಕೊಕ್ಕೆ ಅದರ ಬಾಯಿಗೆ ಸಿಕ್ಕುತ್ತದೆ. ಹಾಗಾದರೆ ಹಸಿವೇ ಇಲ್ಲದ ಮೀನನ್ನು ಗಾಳಕ್ಕೆ ಬೀಳಿಸುವುದು ಹೇಗೆ?

ಇದು ತಮಾಷೆಯ ಪ್ರಶ್ನೆಯಲ್ಲ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ, ಕ್ಯಾಲಿಫೋರ್ನಿಯದಿಂದ ಅಲಾಸ್ಕದವರೆಗಿನ ನದಿಗಳಲ್ಲಿ, ನೂರು ವರ್ಷಕ್ಕೂ ಮೀರಿ ಜನ ಇದರ ಹಿಂದೆ ಬಿದ್ದಿದ್ದಾರೆ. ಅವರ ತಲೆ ತಿಂದ ಮೀನಿನ ಹೆಸರು ಸ್ಟೀಲ್‌ಹೆಡ್, ಎಂದರೆ ಉಕ್ಕುತಲೆ. ಕಡಲಿನಿಂದ ಹೊಳೆಗೆ ಮರಳುವಾಗ ಅದರ ತಲೆ ಮತ್ತು ಬೆನ್ನು ಉಕ್ಕಿನ ನೀಲಿಬೂದು ಬಣ್ಣದಲ್ಲಿ ಹೊಳೆಯುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯ 1969ರಲ್ಲಿ ಇದನ್ನು ತನ್ನ ರಾಜ್ಯಮೀನು ಎಂದು ಘೋಷಿಸಿತು. ಅರ್ಧ ಗಂಟೆಯ ಮಾತುಕತೆಯಲ್ಲಿ ಮೀನಿನ ಚೆಂದ ತೋರಿಸಬಹುದೇ ಹೊರತು ಅದರ ಹಿಂದಿನ ಭೌತವಿಜ್ಞಾನ, ಜೀವವಿಜ್ಞಾನ, ಕೋರ್ಟು ಕಚೇರಿಗಳನ್ನೆಲ್ಲ ಹೇಳಲು ಸಮಯ ಸಾಲುವುದಿಲ್ಲ. ಆ ಉಳಿದ ಮಾತು ಇಲ್ಲಿದೆ.

ಒಂದೇ ಮೀನು, ಎರಡು ಬಾಳು

ಸ್ಟೀಲ್‌ಹೆಡ್ ಎಂಬುದು ಬೇರೆ ಪ್ರಭೇದವೇನಲ್ಲ. ಅದು ರೇನ್‌ಬೋ ಟ್ರೌಟ್, ಅಂದರೆ ಕಾಮನಬಿಲ್ಲು ಟ್ರೌಟ್ ಮೀನೇ. ಎರಡಕ್ಕೂ ಒಂದೇ ವೈಜ್ಞಾನಿಕ ಹೆಸರು: ಆಂಕೊರಿಂಕಸ್ ಮೈಕಿಸ್. ಒಂದೇ ಹೊಳೆಯಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಅಲ್ಲೇ ಉಳಿದು ಅಂಗೈಯಗಲದ ಟ್ರೌಟ್‌ಗಳಾಗಿ ಬಾಳುತ್ತವೆ. ಇನ್ನು ಕೆಲವು ಎರಡು ಮೂರು ವರ್ಷ ಹೊಳೆಯಲ್ಲಿದ್ದು ಕಡಲಿಗೆ ಇಳಿಯುತ್ತವೆ. ಅಲ್ಲಿ ಒಂದೆರಡು ಅಥವಾ ಮೂರು ವರ್ಷ ಮೇದು, ನಾಲ್ಕೈದು ಕಿಲೋ ತೂಗುವ ಬಲಶಾಲಿ ಮೀನುಗಳಾಗಿ ಹುಟ್ಟಿದ ಹೊಳೆಗೇ ಮೊಟ್ಟೆಯಿಡಲು ಮರಳುತ್ತವೆ. 1970ರಲ್ಲಿ ಅಲಾಸ್ಕದಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಸ್ಟೀಲ್‌ಹೆಡ್ 19 ಕಿಲೋ ತೂಗಿತ್ತು.

ಸಿಹಿನೀರಿನ ಮೀನು ಉಪ್ಪುನೀರಿಗೆ ಇಳಿಯುವುದು ಎಷ್ಟು ದೊಡ್ಡ ಸಾಹಸ ಎಂಬುದನ್ನು ಆಸ್ಮಾಸಿಸ್ ಓದಿದವರು ಊಹಿಸಬಹುದು. ಹೊಳೆಯಲ್ಲಿ ಮೀನಿನ ಮೈಯೊಳಗಿನ ದ್ರವ ಹೊರಗಿನ ನೀರಿಗಿಂತ ಉಪ್ಪು. ಆದ್ದರಿಂದ ನೀರು ತಾನಾಗಿ ಒಳನುಗ್ಗುತ್ತಿರುತ್ತದೆ. ಅದನ್ನು ತೆಳುವಾದ ಮೂತ್ರವಾಗಿ ಹೊರಹಾಕುತ್ತ, ಕಿವಿರುಗಳಿಂದ ಲವಣವನ್ನು ಒಳಗೆಳೆದುಕೊಳ್ಳುತ್ತ ಮೀನು ಬದುಕುತ್ತದೆ. ಕಡಲಿನಲ್ಲಿ ಎಲ್ಲವೂ ತಲೆಕೆಳಗು. ಅಲ್ಲಿ ಮೈಯ ನೀರು ಹೊರಗೆ ಸೋರುತ್ತದೆ. ಮೀನು ಉಪ್ಪುನೀರನ್ನೇ ಕುಡಿದು, ಅದರ ಉಪ್ಪನ್ನು ಕಿವಿರಿನ ವಿಶೇಷ ಜೀವಕೋಶಗಳ ಮೂಲಕ ಹೊರದಬ್ಬಬೇಕು. ಕಡಲಿಗೆ ಹೊರಡುವ ವಸಂತದಲ್ಲಿ ಮರಿಯ ಮೈಯಲ್ಲಿ ಈ ಪಂಪುಗಳೆಲ್ಲ ದಿಕ್ಕು ಬದಲಿಸಿಕೊಳ್ಳುತ್ತವೆ, ಮೈಮೇಲಿನ ಚುಕ್ಕೆಪಟ್ಟೆಗಳು ಮಾಸಿ ಬೆಳ್ಳಿಯ ಹೊಳಪು ಬರುತ್ತದೆ. ಹಿಂದಿರುಗುವಾಗ ಮತ್ತೆ ಉಲ್ಟಾ. ಹುಟ್ಟಿದ ಹೊಳೆಯನ್ನು ಗುರುತಿಸುವುದರಲ್ಲಿ ವಾಸನೆಯ ನೆನಪಿನ ಪಾತ್ರ ದೊಡ್ಡದು. ಇದೇ ಕುಲದ ಸಾಲ್ಮನ್ ಮೀನುಗಳ ಮೇಲೆ ವಿಸ್ಕಾನ್ಸಿನ್‌ನ ಆರ್ಥರ್ ಹ್ಯಾಸ್ಲರ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು.

ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟೊಡನೆ ಸಾಯುತ್ತವೆ. ಸ್ಟೀಲ್‌ಹೆಡ್ ಹಾಗಲ್ಲ. ಅವುಗಳಲ್ಲಿ ಕೆಲವು, ಅದರಲ್ಲೂ ಹೆಣ್ಣುಗಳು, ಬದುಕಿ ಉಳಿದು ಮತ್ತೆ ಕಡಲಿಗೆ ಹೋಗಿ ಇನ್ನೊಮ್ಮೆ ಬರುತ್ತವೆ. ಈ ಒಂದು ಸಂಗತಿಯನ್ನು ನೆನಪಿಡಿ. ಹಿಡಿದ ಮೀನನ್ನು ಬಿಟ್ಟುಬಿಡಬೇಕೆಂಬ ವಾದಕ್ಕೆ ಮುಂದೆ ಇದೇ ಬಲ ಕೊಡುತ್ತದೆ.

ಮರಳುವ ಮೀನುಗಳಲ್ಲಿ ಎರಡು ತಂಡ. ಚಳಿಗಾಲದ ತಂಡ ಬಲಿತ ಮೊಟ್ಟೆಯೊಂದಿಗೆ ಬಂದು ಸ್ವಲ್ಪ ಕಾಲದಲ್ಲೇ ಮರಿಮಾಡುತ್ತದೆ. ಬೇಸಿಗೆಯ ತಂಡ ತಿಂಗಳುಗಟ್ಟಲೆ ಮುಂಚೆಯೇ ಹೊಳೆಗೆ ಏರಿ, ಬಹುಮಟ್ಟಿಗೆ ಉಪವಾಸವಿದ್ದು, ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಮುಂದಿನ ವಸಂತದವರೆಗೆ ಕಾಯುತ್ತದೆ. ಮೊದಲು ಕೇಳಿದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಹೊಳೆಗೆ ಬಂದ ಸ್ಟೀಲ್‌ಹೆಡ್ ಊಟಕ್ಕೆ ಬಂದಿಲ್ಲ. ಆದರೂ ಅದು ಕೆಲವೊಮ್ಮೆ ಕಣ್ಣೆದುರು ತೇಲಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಮರಿಯಾಗಿದ್ದಾಗ ಹುಳುಹುಪ್ಪಟೆ ತಿಂದ ಹಳೆಯ ಅಭ್ಯಾಸವೋ, ತನ್ನ ಜಾಗಕ್ಕೆ ನುಗ್ಗಿದ್ದರ ಮೇಲಿನ ಸಿಟ್ಟೋ, ಕುತೂಹಲವೋ ಎಂಬ ಚರ್ಚೆ ಗಾಳಗಾರರಲ್ಲಿ ಮುಗಿದಿಲ್ಲ. ಮೀನಿಗೆ ಕೈಯಿಲ್ಲ, ಆದ್ದರಿಂದ ಮುಟ್ಟಿ ನೋಡಬೇಕೆಂದರೂ ಬಾಯಿಂದಲೇ ಮುಟ್ಟಬೇಕು ಎಂಬ ವಿವರಣೆ ನನಗೆ ಹಿಡಿಸುತ್ತದೆ.

ಬಲೆ, ಚಕ್ರ, ಕೋಲು

ಗಾಳದ ಕೋಲಿಗಿಂತ ಬಹಳ ಹಿಂದೆಯೇ ಈ ನದಿಗಳಲ್ಲಿ ಮೀನುಗಾರಿಕೆ ಇತ್ತು. ನೆಜ್ ಪರ್ಸ್, ಯಾಕಮಾ, ಯುಮಟಿಲ್ಲ, ನಿಸ್ಕ್ವಾಲಿ ಮುಂತಾದ ಮೂಲನಿವಾಸಿಗಳು ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ಗಳನ್ನು ತಿಂದು, ಒಣಗಿಸಿ, ವಿನಿಮಯ ಮಾಡಿ ಸಾವಿರಾರು ವರ್ಷ ಬದುಕಿದ್ದಾರೆ. ಅವರ ತಂತ್ರಗಳು ಹೊಳೆಯ ನಡೆಯನ್ನು ಓದಿ ಮಾಡಿದಂಥವು. ತೊರೆಗೆ ಅಡ್ಡಲಾಗಿ ಗೂಟ ನೆಟ್ಟು ಹೆಣೆದ ಬೇಲಿ, ಕವಲು ಈಟಿ, ಉದ್ದ ಹಿಡಿಯ ಬಲೆ. ಕೊಲಂಬಿಯ ನದಿಯ ಸೆಲೈಲೊ ಜಲಪಾತದಲ್ಲಿ ಬಂಡೆಗಳಿಂದ ಹೊರಚಾಚಿದ ಮರದ ಅಟ್ಟಣಿಗೆಗಳ ಮೇಲೆ ನಿಂತು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ನೊರೆಯೊಳಗೆ ಬಲೆ ಅದ್ದಿ ಮೀನೆತ್ತುತ್ತಿದ್ದರು. ಜಲಪಾತ ಹತ್ತಲು ಮೀನು ದಣಿವಾರಿಸಿಕೊಳ್ಳುವ ಮಡುಗಳು ಯಾವುವೆಂದು ಅವರಿಗೆ ಗೊತ್ತಿತ್ತು. ಯಾವ ಕುಟುಂಬ ಯಾವ ಬಂಡೆಯಲ್ಲಿ ನಿಲ್ಲಬೇಕೆಂಬುದಕ್ಕೂ ಕಟ್ಟುಪಾಡು ಇತ್ತು. 1957ರ ಮಾರ್ಚ್ 10ರಂದು ಡ್ಯಾಲಸ್ ಅಣೆಕಟ್ಟಿನ ಬಾಗಿಲು ಮುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಆ ಜಲಪಾತ ನೀರಿನಡಿ ಸೇರಿತು.

ಹತ್ತೊಂಬತ್ತನೇ ಶತಮಾನದಲ್ಲಿ ಬಂದ ವಲಸಿಗರು ಮೀನನ್ನು ಡಬ್ಬಿಗೆ ತುಂಬಿ ಮಾರುವ ಉದ್ಯಮ ಆರಂಭಿಸಿದರು. ಕೊಲಂಬಿಯ ನದಿಯಲ್ಲಿ ಮೊದಲ ಡಬ್ಬಿ ಕಾರ್ಖಾನೆ ಬಂದದ್ದು 1866ರಲ್ಲಿ. ಅವರಿಗೆ ಮುಖ್ಯವಾಗಿ ಬೇಕಾಗಿದ್ದುದು ಚಿನೂಕ್ ಸಾಲ್ಮನ್. ಅದು ಕಡಿಮೆಯಾಗುತ್ತ ಬಂದಂತೆ ಸ್ಟೀಲ್‌ಹೆಡ್ ಕೂಡ ಡಬ್ಬಿ ಸೇರಿತು. ಆ ಕಾಲದ ಅತಿ ಜಾಣ ಯಂತ್ರವೆಂದರೆ 1879ರ ಸುಮಾರಿಗೆ ಕೊಲಂಬಿಯಕ್ಕೆ ಬಂದ ಮೀನುಚಕ್ರ. ಏತದ ಗುಡಾಣಗಳ ಬದಲು ಬಲೆಯ ಬುಟ್ಟಿಗಳನ್ನು ಕಟ್ಟಿದ ದೊಡ್ಡ ಚಕ್ರವನ್ನು ಊಹಿಸಿಕೊಳ್ಳಿ. ನದಿಯ ಹರಿವೇ ಅದನ್ನು ತಿರುಗಿಸುತ್ತದೆ, ಹರಿವಿಗೆ ಎದುರಾಗಿ ಈಜುವ ಮೀನು ಬುಟ್ಟಿಗೆ ಬೀಳುತ್ತದೆ, ಬುಟ್ಟಿ ಮೇಲೇರಿ ಮೀನನ್ನು ತೊಟ್ಟಿಗೆ ಸುರಿಯುತ್ತದೆ. ಕೂಲಿ ಬೇಡ, ಎರೆ ಬೇಡ, ರಾತ್ರಿಯೂ ನಿಲ್ಲುವುದಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿತು ಎಂಬುದೇ ಅದರ ಮೇಲಿನ ಆರೋಪವಾಯಿತು. ಆರೆಗನ್ ರಾಜ್ಯ 1926ರಲ್ಲೂ ವಾಷಿಂಗ್ಟನ್ 1934ರಲ್ಲೂ ಮೀನುಚಕ್ರಗಳನ್ನು ನಿಷೇಧಿಸಿದವು.

ಇದೇ ಕಾಲದಲ್ಲಿ ಹೊಟ್ಟೆಪಾಡಿಗಲ್ಲದೆ ಹವ್ಯಾಸಕ್ಕಾಗಿ ಗಾಳ ಹಾಕುವವರೂ ಹೊಳೆಗೆ ಬಂದರು. ಅವರ ಸಲಕರಣೆಗಳನ್ನು ನೋಡಿದರೆ ನಮಗೆ ಪರಿಚಿತ ಮುಖಗಳು ಕಾಣುತ್ತವೆ. ಅಮೆರಿಕದ ಮೊದಮೊದಲ ಸೀಳುಬಿದಿರಿನ ಗಾಳಕೋಲುಗಳಿಗೆ ಬಳಸಿದ ಬಿದಿರು ಭಾರತದ್ದು. ಕಲ್ಕತ್ತೆಯಿಂದ ಹಡಗೇರುತ್ತಿದ್ದುದರಿಂದ ಅದಕ್ಕೆ ಕಲ್ಕತ್ತಾ ಬಿದಿರು ಎಂದೇ ಹೆಸರು. ಬಿದಿರನ್ನು ಉದ್ದಕ್ಕೆ ಸೀಳಿ, ಆರು ಪಟ್ಟಿಗಳನ್ನು ತ್ರಿಕೋನಾಕಾರಕ್ಕೆ ಹೆರೆದು, ಗಟ್ಟಿ ನಾರಿನ ಹೊರಮೈ ಹೊರಗೇ ಬರುವಂತೆ ಅಂಟಿಸಿದರೆ ಷಟ್ಕೋನದ ಕೋಲು ಸಿದ್ಧ. ಮುಂದೆ ಚೀನದ ಟಾಂಕಿನ್ ಬಿದಿರು ಈ ಜಾಗ ಹಿಡಿಯಿತು. ದಾರ ರೇಷ್ಮೆಯದು. ಪ್ರತಿ ಸಂಜೆ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು, ಜಿಡ್ಡು ಸವರದಿದ್ದರೆ ಮುಳುಗುತ್ತಿತ್ತು. ದಾರದ ತುದಿಯ ಕಣ್ಣಿಗೆ ಕಾಣದ ತುಂಡಂತೂ ರೇಷ್ಮೆಹುಳುವಿನ ಕರುಳು ಎನ್ನಿಸಿಕೊಂಡಿತ್ತು. ನಿಜವಾಗಿ ಅದು ಕರುಳಲ್ಲ, ರೇಷ್ಮೆಗ್ರಂಥಿ. ಇನ್ನೇನು ಗೂಡು ಕಟ್ಟಬೇಕೆನ್ನುವ ಹುಳುವನ್ನು ವಿನಿಗರ್‌ನಲ್ಲಿ ಹಾಕಿ ಕೊಂದು, ಗ್ರಂಥಿಯನ್ನು ಹೊರತೆಗೆದು, ಎಳೆದು ತಂತಿಮಾಡುವ ಈ ಕಸುಬು ಸ್ಪೇನಿನ ಮುರ್ಸಿಯ ಸೀಮೆಯಲ್ಲಿ ನಡೆಯುತ್ತಿತ್ತು. ರಾಮನಗರದ ಕಡೆಯ ವಿದ್ಯಾರ್ಥಿಗಳಿಗೆ ಹುಳು ಹಣ್ಣಾಗುವ ಆ ಹೊತ್ತು ಯಾವುದೆಂದು ಹೇಳಬೇಕಾಗಿಲ್ಲ.

ಹವ್ಯಾಸಿಗಳಲ್ಲಿ ಒಂದು ಪಂಗಡ ನಿಜವಾದ ಎರೆಯನ್ನು ಒಲ್ಲದೆ ಫ್ಲೈ ಬಳಸಿತು. ಫ್ಲೈ ಎಂದರೆ ಇಲ್ಲಿ ನೊಣವಲ್ಲ, ಕೊಕ್ಕೆಯ ಮೇಲೆ ಗರಿ, ತುಪ್ಪಳ, ಜರಿಯೆಳೆ ಸುತ್ತಿ ಮಾಡಿದ ನಕಲಿ ಹುಳು. ಇದಕ್ಕೆ ತೂಕವೇ ಇಲ್ಲ. ತೂಕವಿಲ್ಲದ್ದನ್ನು ಎಸೆಯುವುದು ಹೇಗೆ? ಒಂದು ಗರಿಯನ್ನು ಕೈಯಲ್ಲಿ ಹಿಡಿದು ಬೀಸಿ ನೋಡಿ, ಕಾಲ ಬುಡದಲ್ಲೇ ಬೀಳುತ್ತದೆ. ಅದಕ್ಕಾಗಿ ದಾರವನ್ನೇ ದಪ್ಪಗೆ, ಭಾರವಾಗಿ ಮಾಡಿದರು. ಚಾಟಿ ಬೀಸಿದಂತೆ ದಾರವನ್ನು ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಬೀಸಿದರೆ ಅದರ ಚಲನಶಕ್ತಿ ತುದಿಯ ಫ್ಲೈಯನ್ನು ಒಯ್ಯುತ್ತದೆ. ಕೋಲು ಇಲ್ಲಿ ಬಿಲ್ಲಿನಂತೆ ಬಾಗಿ ಶಕ್ತಿ ಕೂಡಿಟ್ಟು ಬಿಡುಗಡೆ ಮಾಡುವ ಸ್ಪ್ರಿಂಗು.

ನೀರಿನ ಮೇಲೆ ಬಿದ್ದ ಮೇಲೆ ಇನ್ನೊಂದು ತೊಡಕು. ನದಿ ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಡುವೆ ಸೆಳವು, ದಡದಲ್ಲಿ ನಿಧಾನ. ಅಡ್ಡಲಾಗಿ ಬಿದ್ದ ದಾರದ ಹೊಟ್ಟೆಯನ್ನು ನಡುವಿನ ಸೆಳವು ಎಳೆದೊಯ್ದು, ತುದಿಯ ಫ್ಲೈ ದೋಣಿಗೆ ಕಟ್ಟಿದ ತೊಗಟೆಯಂತೆ ಸರ್ರನೆ ಓಡುತ್ತದೆ. ಯಾವ ಹುಳುವೂ ಹಾಗೆ ಈಜುವುದಿಲ್ಲ. ಅದಕ್ಕಾಗಿ ಕೋಲನ್ನು ಮೆಲ್ಲನೆ ಎತ್ತಿ ದಾರದ ಹೊಟ್ಟೆಯನ್ನು ಹರಿವಿನ ಮೇಲ್ಭಾಗಕ್ಕೆ ಮಗುಚುವುದನ್ನು ಕಲಿತರು. ಸ್ಕಾಟ್ಲೆಂಡಿನ ಡೀ ನದಿಯಲ್ಲಿ ಎ. ಎಚ್. ಇ. ವುಡ್ ಸಾಲ್ಮನ್‌ಗಾಗಿ ಬಳಕೆಗೆ ತಂದ ಈ ಜಾಣ್ಮೆ ಬೇಸಿಗೆಯ ಸ್ಟೀಲ್‌ಹೆಡ್‌ಗೂ ಒಗ್ಗಿತು. ಕಾದಂಬರಿಕಾರ ಜೇನ್ ಗ್ರೇ ಆರೆಗನ್ನಿನ ರೋಗ್ ಮತ್ತು ನಾರ್ತ್ ಅಂಪ್‌ಕ್ವ ನದಿಗಳನ್ನು ತನ್ನ ಬರಹಗಳಿಂದ ಹೆಸರುವಾಸಿ ಮಾಡಿದ. ಕೆನಡದ ಕ್ಯಾಂಪ್‌ಬೆಲ್ ನದಿಯ ದಡದಲ್ಲಿ ವಾಸವಾಗಿದ್ದ ಮ್ಯಾಜಿಸ್ಟ್ರೇಟ್ ರಾಡರಿಕ್ ಹೇಗ್‌-ಬ್ರೌನ್ ಹಿಡಿಯುವ ವಿದ್ಯೆಯ ಜೊತೆಗೆ ನದಿಯನ್ನು ಕಾಯುವ ವಿಚಾರವನ್ನೂ ಬರೆದ. ಇಬ್ಬರಲ್ಲಿ ನಾನು ಎರಡನೆಯವನ ಕಡೆ.

ಯುದ್ಧದ ನಂತರದ ಸುಗ್ಗಿ

ಎರಡನೇ ಮಹಾಯುದ್ಧದ ಬಳಿಕ ಈ ಸಲಕರಣೆಗಳೆಲ್ಲ ಹತ್ತಿಪ್ಪತ್ತು ವರ್ಷಗಳಲ್ಲಿ ಮೂಲೆ ಸೇರಿದವು. 1938ರಲ್ಲಿ ಜಗತ್ತಿಗೆ ಪರಿಚಯವಾದ ನೈಲಾನ್ ರೇಷ್ಮೆಯನ್ನು ಓಡಿಸಿತು. ಅದು ಕೊಳೆಯದು, ಒಣಗಿಸಬೇಕಾಗಿಲ್ಲ, ನೀರಿನಲ್ಲಿ ಕಾಣದು, ಅಗ್ಗ ಬೇರೆ. ಬಿದಿರಿನ ಜಾಗಕ್ಕೆ ಗಾಜಿನ ನಾರಿನ ಪೊಳ್ಳು ಕೋಲು ಬಂತು. 1970ರ ದಶಕದಲ್ಲಿ ಇಂಗಾಲದ ನಾರು ಬಂತು. ವಿಮಾನಗಳಿಗಾಗಿ ರೂಪುಗೊಂಡ ಆ ವಸ್ತುವಿನಲ್ಲಿ ತೂಕ ಕಡಿಮೆ, ಬಿಗಿತ ಹೆಚ್ಚು. ಮೊದಲಾದರೆ ಆಳಿನ ಮೂರು ಪಟ್ಟು ಉದ್ದದ ಮರದ ಕೋಲನ್ನು ದಿನವಿಡೀ ಬೀಸಲು ಗರಡಿಯ ತೋಳು ಬೇಕಿತ್ತು. ಈಗ ಹದಿಮೂರು ಅಡಿಯ ಕೋಲನ್ನು ಹೈಸ್ಕೂಲು ಹುಡುಗಿಯೂ ಬೀಸಬಹುದು.

ರೀಲಿನ ಕತೆ ಇನ್ನೂ ಸ್ವಾರಸ್ಯ. ಹಳೆಯ ರೀಲು ನೂಲಿನ ಉರುಳೆಯಂತೆ ತಾನೇ ತಿರುಗಿ ದಾರ ಬಿಡುತ್ತಿತ್ತು. ಅದಕ್ಕೆ ಜಡತ್ವವುಂಟು. ಎಸೆದ ಕ್ಷಣ ತಿರುಗಲು ತಡಮಾಡುತ್ತದೆ, ಎರೆ ನೀರಿಗೆ ಬಿದ್ದ ಮೇಲೂ ತಿರುಗುತ್ತಲೇ ಇದ್ದು ದಾರವನ್ನು ಹಕ್ಕಿಗೂಡಿನಂತೆ ಸಿಕ್ಕು ಮಾಡುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಗಿರಣಿ ಮಾಲೀಕ ಆಲ್‌ಫ್ರೆಡ್ ಇಲಿಂಗ್‌ವರ್ತ್ ತನ್ನ ಗಿರಣಿಯಲ್ಲಿ ಉರುಳೆ ತಿರುಗದೆಯೇ ಅದರ ತುದಿಯಿಂದ ನೂಲು ಜಾರಿಬರುವುದನ್ನು ಗಮನಿಸಿ, ಅದೇ ತತ್ವದ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ. ಉರುಳೆ ನಿಶ್ಚಲ, ದಾರ ಮಾತ್ರ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ನೈಲಾನ್ ಸಿಕ್ಕಿದ ಮೇಲೆ ಇದಕ್ಕೆ ನಿಜವಾದ ಬಲ ಬಂತು. ಹೊಸಬನೊಬ್ಬ ಒಂದು ಮಧ್ಯಾಹ್ನದಲ್ಲಿ ಎಸೆಯುವುದನ್ನು ಕಲಿಯಬಹುದಾಯಿತು.

ಚಳಿಗಾಲದ ಸ್ಟೀಲ್‌ಹೆಡ್ ನಾಲ್ಕೈದು ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ ಜಡವಾಗಿ ತಳದಲ್ಲಿ ಮಲಗಿರುತ್ತದೆ. ಮೀನು ಶೀತರಕ್ತದ ಪ್ರಾಣಿ, ನೀರು ತಣ್ಣಗಾದಂತೆ ಅದರ ಚಯಾಪಚಯವೂ ಕುಗ್ಗುತ್ತದೆ. ಅದು ಎದ್ದು ಬಂದು ಕಚ್ಚುವುದಿಲ್ಲ, ಎರೆಯೇ ಅದರ ಮೂಗಿನ ಮುಂದೆ ಹಾಯಬೇಕು. ಹೊಸ ರೀಲು, ಸಣ್ಣ ನೈಲಾನ್ ದಾರ, ಒಂದು ಸೀಸದ ತುಂಡು, ಕೊಕ್ಕೆಯಲ್ಲಿ ಸಾಲ್ಮನ್ ಮೊಟ್ಟೆಗಳ ಗೊಂಚಲು, ಇಷ್ಟಿದ್ದರೆ ಸೀಸ ತಳದ ಕಲ್ಲುಗಳನ್ನು ಟಕ್‌ ಟಕ್‌ ಎಂದು ತಟ್ಟುತ್ತ ಹರಿವಿನ ವೇಗದಲ್ಲೇ ಎರೆಯನ್ನು ಸಾಗಿಸುತ್ತದೆ. ತಟ್ಟುವ ಲಯ ಒಮ್ಮೆಲೇ ನಿಂತರೆ ಮೀನು ಎಂದು ತಿಳಿಯಬೇಕು. ಆರೆಗನ್ನಿನ ಮೆಕೆಂಜಿ ನದಿಯಲ್ಲಿ ರೂಪುಗೊಂಡ ಚಪ್ಪಟೆ ತಳದ, ಎರಡೂ ತುದಿ ಮೇಲೆದ್ದ ದೋಣಿಯೂ ಇದಕ್ಕೆ ಸೇರಿಕೊಂಡಿತು. ಅಂಬಿಗ ಹರಿವಿನ ಕಡೆಗೇ ಮುಖಮಾಡಿ ಕೂತು, ಹಿಮ್ಮುಖವಾಗಿ ಹುಟ್ಟುಹಾಕುತ್ತ, ನೀರಿಗಿಂತ ನಿಧಾನವಾಗಿ ದೋಣಿಯನ್ನು ಇಳಿಬಿಡುತ್ತಾನೆ. ಮುಂದೆ ತೂಗಾಡುವ ಮರದ ಅಥವಾ ಪ್ಲಾಸ್ಟಿಕ್ಕಿನ ಹುಸಿಮೀನು ಇಂಚಿಂಚಾಗಿ ಸ್ಟೀಲ್‌ಹೆಡ್ಡಿನ ಮಡುವಿನೊಳಗೆ ಹಿಂಜರಿದು ಹೋಗುತ್ತದೆ. ಸಿಟ್ಟಿಗೆದ್ದ ಮೀನು ಅದನ್ನು ಕಚ್ಚುತ್ತದೆ. ದಡದಿಂದ ತಲುಪಲಾಗದ ಮಡು ಎಂಬುದೇ ನದಿಯಲ್ಲಿ ಇಲ್ಲದಂತಾಯಿತು.

ಫ್ಲೈ ಪಂಗಡದವರೂ ಸುಮ್ಮನಿರಲಿಲ್ಲ. ನೀರಿಗಿಂತ ಹೆಚ್ಚು ಸಾಂದ್ರತೆಯ ಪುಡಿ ಬೆರೆಸಿದ ಪ್ಲಾಸ್ಟಿಕ್ ಹೊದಿಕೆಯ ದಾರ ಬಂದು, ಎಷ್ಟು ವೇಗದಲ್ಲಿ ಮುಳುಗಬೇಕೋ ಅಷ್ಟೇ ವೇಗದ ದಾರವನ್ನು ಅಂಗಡಿಯಲ್ಲಿ ಆರಿಸಿಕೊಳ್ಳುವಂತಾಯಿತು. ಬೆನ್ನ ಹಿಂದೆ ದಟ್ಟ ಕಾಡಿದ್ದರೆ ದಾರವನ್ನು ಹಿಂದಕ್ಕೆ ಬೀಸುವುದು ಹೇಗೆ ಎಂಬ ತೊಂದರೆಗೆ ಸ್ಕಾಟ್ಲೆಂಡಿನ ಸ್ಪೇ ನದಿಯವರು ಹಿಂದೆಯೇ ಉಪಾಯ ಕಂಡಿದ್ದರು. ಎರಡು ಕೈಯಲ್ಲಿ ಹಿಡಿಯುವ ಉದ್ದ ಕೋಲಿನಿಂದ ದಾರವನ್ನು ಪಕ್ಕದಲ್ಲೇ ಒಂದು ಬಳೆಯಂತೆ ಸುತ್ತಿಸಿ, ಅದರ ತುದಿ ನೀರಿಗೆ ಅಂಟಿರುವಾಗಲೇ ಮುಂದಕ್ಕೆ ಚಿಮ್ಮಿಸುವುದು. ನೀರಿನ ಹಿಡಿತವೇ ಕೋಲನ್ನು ಬಾಗಿಸುತ್ತದೆ. 1980ರ ದಶಕದಿಂದ ಈ ವಿದ್ಯೆ ಸ್ಟೀಲ್‌ಹೆಡ್ ನದಿಗಳಲ್ಲಿ ಬೇರುಬಿಟ್ಟಿತು. ವಾಷಿಂಗ್ಟನ್ನಿನ ಸ್ಕ್ಯಾಜಿಟ್ ನದಿಯಲ್ಲಿ 1990ರ ದಶಕದಲ್ಲಿ ಅದನ್ನು ಇನ್ನೂ ಮಾರ್ಪಡಿಸಿ, ಗಿಡ್ಡ ಮತ್ತು ಭಾರದ ದಾರದಿಂದ ದೊಡ್ಡ ಫ್ಲೈಗಳನ್ನು ಚಳಿಗಾಲದ ತಳಕ್ಕೆ ಇಳಿಸುವುದನ್ನು ಕಂಡುಕೊಂಡರು.

ಯಾರ ಮೀನು, ಯಾವ ಮೀನು

ಸಲಕರಣೆ ಹೀಗೆ ಏರುತ್ತಿದ್ದಾಗ ಮೀನು ಇಳಿಯುತ್ತಿತ್ತು. ಇದಕ್ಕೆ ಗಾಳವೊಂದೇ ಕಾರಣವಲ್ಲ, ಮುಖ್ಯ ಕಾರಣವೂ ಅಲ್ಲ. ಕೊಲಂಬಿಯಕ್ಕೆ 1938ರಲ್ಲಿ ಬಾನವಿಲ್ ಅಣೆಕಟ್ಟು ಬಂತು. ಅದರಲ್ಲಿ ಮೀನು ಹತ್ತಲು ಮೆಟ್ಟಿಲುಗಳಿದ್ದವು. 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿಗೆ ಅದೂ ಇರಲಿಲ್ಲ. ಅದರ ಮೇಲಿನ ನದಿಭಾಗವೆಲ್ಲ ವಲಸೆ ಮೀನಿಗೆ ಮುಚ್ಚಿಹೋಯಿತು. ಉಪನದಿ ಸ್ನೇಕ್‌ನ ಕೆಳಭಾಗದಲ್ಲಿ 1975ರ ಹೊತ್ತಿಗೆ ಇನ್ನೂ ನಾಲ್ಕು ಕಟ್ಟೆಗಳೆದ್ದವು. ಮರಕಡಿತದಿಂದ ಮೊಟ್ಟೆಯಿಡುವ ಜಲ್ಲಿಗೆ ಕೆಸರು ತುಂಬಿತು. ಬಾನವಿಲ್ ಅಣೆಕಟ್ಟಿನ ಮೆಟ್ಟಿಲುಗಳಲ್ಲಿ ಗಾಜಿನ ಕಿಟಕಿಯ ಹಿಂದೆ ಕುಳಿತು ಮೀನು ಎಣಿಸುತ್ತಾರೆ. 2001ರಲ್ಲಿ ಆ ಎಣಿಕೆಯಲ್ಲಿ ಸ್ಟೀಲ್‌ಹೆಡ್ ಆರು ಲಕ್ಷ ದಾಟಿತ್ತು. 2021ರಲ್ಲಿ ಒಂದು ಲಕ್ಷವೂ ಇರಲಿಲ್ಲ. 1997ರಿಂದ ಮೊದಲ್ಗೊಂಡು ಹಲವು ನದಿಗಳ ಸ್ಟೀಲ್‌ಹೆಡ್‌ಗಳು ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿವೆ.

ಮೀನು ಕಡಿಮೆಯಾದಾಗ ಯಾರು ಹೇಗೆ ಹಿಡಿಯಬೇಕೆಂಬುದು ಜಗಳವಾಗುತ್ತದೆ. 1850ರ ದಶಕದ ಒಪ್ಪಂದಗಳಲ್ಲಿ ಮೂಲನಿವಾಸಿಗಳು ನೆಲ ಬಿಟ್ಟುಕೊಟ್ಟರೂ ರೂಢಿಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ವಾಷಿಂಗ್ಟನ್ ರಾಜ್ಯ 1920ರ ದಶಕದಲ್ಲಿ ಸ್ಟೀಲ್‌ಹೆಡ್ಡನ್ನು ಗಾಳದ ಕ್ರೀಡೆಗೆ ಮೀಸಲಾದ ಮೀನೆಂದು ಮಾಡಿತು. ಬಲೆ ಹಾಕಿದ ನಿಸ್ಕ್ವಾಲಿ, ಪ್ಯುಆಲಪ್ ಜನರನ್ನು ಪೊಲೀಸರು ಹಿಡಿದೊಯ್ದರು. ನಿಸ್ಕ್ವಾಲಿಯ ಬಿಲ್ಲಿ ಫ್ರ್ಯಾಂಕ್ ಐವತ್ತಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರು. ಕೊನೆಗೆ ಮೀನುಗಾರಿಕೆಯ ತಂತ್ರವೇ ಸುಪ್ರೀಂ ಕೋರ್ಟಿನ ಪ್ರಶ್ನೆಯಾಯಿತು. ಬಲೆಯನ್ನು ಪೂರ್ತಿ ನಿಷೇಧಿಸಿ ಗಾಳವನ್ನು ಮಾತ್ರ ಬಿಟ್ಟರೆ ಇಡೀ ಮೀನನ್ನು ಹವ್ಯಾಸಿಗಳಿಗೇ ಕೊಟ್ಟಂತೆ, ಇದು ತಾರತಮ್ಯ ಎಂದು ಕೋರ್ಟು 1973ರಲ್ಲಿ ಹೇಳಿತು. ಮರುವರ್ಷ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಬುಡಕಟ್ಟುಗಳಿಗೆ ಎಂದು ತೀರ್ಪಿತ್ತರು. 1979ರಲ್ಲಿ ಸುಪ್ರೀಂ ಕೋರ್ಟು ಅದರ ಸಾರವನ್ನು ಎತ್ತಿಹಿಡಿಯಿತು.

ಇನ್ನೊಂದು ಪರಿಹಾರವೆಂದು ಎಲ್ಲರೂ ನಂಬಿದ್ದು ಮರಿ ಉತ್ಪಾದನಾ ಕೇಂದ್ರಗಳನ್ನು. ತೊಟ್ಟಿಯಲ್ಲಿ ಬೆಳೆಸಿದ ಮರಿಗಳನ್ನು ಲಕ್ಷಗಟ್ಟಲೆ ಹೊಳೆಗೆ ಬಿಡುವುದು, ದೊಡ್ಡದಾಗಿ ಮರಳಿದಾಗ ಹಿಡಿಯುವುದು. ಇವನ್ನು ಗುರುತಿಸಲು ಬೆನ್ನಿನ ಹಿಂಭಾಗದ ಸಣ್ಣ ಕೊಬ್ಬಿನ ರೆಕ್ಕೆಯನ್ನು ಮರಿಯಲ್ಲೇ ಕತ್ತರಿಸುತ್ತಾರೆ. ರೆಕ್ಕೆ ಇಲ್ಲದಿದ್ದರೆ ಮನೆಗೊಯ್ಯಬಹುದು, ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ್ದು, ಬಿಡಬೇಕು. ಆದರೆ ತೊಟ್ಟಿಯ ಮೀನು ಹೊಳೆಯ ಮೀನಲ್ಲ. ಆರೆಗನ್ನಿನ ಹುಡ್ ನದಿಯ ಸ್ಟೀಲ್‌ಹೆಡ್‌ಗಳ ವಂಶಾವಳಿಯನ್ನು ಡಿಎನ್‌ಎ ಮೂಲಕ ಬಿಡಿಸಿದ ಅರಾಕಿ, ಕೂಪರ್ ಮತ್ತು ಬ್ಲೌವಿನ್ 2007ರಲ್ಲಿ ಪ್ರಕಟಿಸಿದ ಫಲಿತಾಂಶ ತಜ್ಞರನ್ನೇ ಬೆಚ್ಚಿಬೀಳಿಸಿತು. ಸಾಕಣೆಯಲ್ಲಿ ಕಳೆದ ಒಂದೊಂದು ತಲೆಮಾರಿಗೂ, ಹೊಳೆಯಲ್ಲಿ ಸಂತಾನ ಬೆಳೆಸುವ ಸಾಮರ್ಥ್ಯ ಸುಮಾರು ಶೇಕಡ 40ರಷ್ಟು ಕುಗ್ಗುತ್ತಿತ್ತು. ತೊಟ್ಟಿಯಲ್ಲಿ ಗೆಲ್ಲುವ ಗುಣಗಳೇ ಬೇರೆ, ಹೊಳೆಯಲ್ಲಿ ಬೇಕಾದವೇ ಬೇರೆ.

ಆದ್ದರಿಂದ ಕಳೆದ ಕೆಲವು ದಶಕಗಳಲ್ಲಿ ತಂತ್ರದ ಇತಿಹಾಸ ಹಿಂದುಮುಂದಾಗಿದೆ. ಮೊದಲು ಹೆಚ್ಚು ಹಿಡಿಯಲು ಉಪಾಯ ಹುಡುಕಿದವರು ಈಗ ಕಡಿಮೆ ಹಿಡಿಯಲು ಕಾನೂನು ಮಾಡುತ್ತಿದ್ದಾರೆ. ಕೊಕ್ಕೆಯ ಒಳಮುಳ್ಳನ್ನು ಚಿಮಟದಿಂದ ಅದುಮಿ ಚಪ್ಪಟೆ ಮಾಡಬೇಕು, ಆಗ ಕೊಕ್ಕೆ ಸುಲಭವಾಗಿ ಕಳಚುತ್ತದೆ. ಮೊಟ್ಟೆಯ ಎರೆ ಬೇಡ, ಏಕೆಂದರೆ ಮೀನು ಅದನ್ನು ಆಳಕ್ಕೆ ನುಂಗಿ ಕಿವಿರಿಗೆ ಗಾಯವಾಗುತ್ತದೆ. ನೀರಿನ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಏರಿದರೆ ಗಾಳವನ್ನೇ ಕಟ್ಟಿಡಬೇಕು. ಬೆಚ್ಚಗಿನ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಫೋಟೋಗಾಗಿ ಮೀನನ್ನು ನೀರಿನಿಂದ ಎತ್ತುವುದಕ್ಕೂ ಕೆಲವೆಡೆ ತಡೆಯಿದೆ. ಎಲ್ಲಕ್ಕಿಂತ ಗಲಾಟೆಯೆಬ್ಬಿಸಿದ್ದು 2020ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತನ್ನ ಕರಾವಳಿ ನದಿಗಳಿಗೆ ತಂದ ನಿಯಮ. ದೋಣಿಯಲ್ಲಿ ಪಯಣಿಸಬಹುದು, ಆದರೆ ದೋಣಿಯಿಂದ ಗಾಳ ಹಾಕುವಂತಿಲ್ಲ, ಇಳಿದು ನಿಂತೇ ಹಾಕಬೇಕು. ಹೀಗೆ ಮಾಡಿದರೆ ನಡುನದಿಯ ಮಡುಗಳಲ್ಲಿ ಮೀನಿಗೆ ಅಡಗಲು ಜಾಗ ಸಿಗುತ್ತದೆ ಎಂಬುದು ಲೆಕ್ಕಾಚಾರ. ದೋಣಿ ನಡೆಸಿ ಹೊಟ್ಟೆಹೊರೆಯುವ ಮಾರ್ಗದರ್ಶಿಗಳು, ಸರಿಯಾಗಿ ನಡೆಯಲಾಗದ ಹಿರಿಯರು ಇದನ್ನು ವಿರೋಧಿಸಿದರು. ಅವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಹಿಡಿದು ಬಿಡುವುದನ್ನೇ ಆಹಾರದೊಂದಿಗೆ ಆಟವಾಡುವುದೆಂದು ಕಾಣುವ ಮೂಲನಿವಾಸಿಗಳೂ ಇದ್ದಾರೆ. ತಿನ್ನುವವನಿಗೆ ಮೀನಿನ ಮೇಲೆ ಗೌರವ ಹೆಚ್ಚೋ, ಬಿಡುವವನಿಗೆ ಹೆಚ್ಚೋ ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ. ಬೇಗ ಮುಗಿಯುವುದಿಲ್ಲ.

ನಮಗೂ ಈ ಪಾಠ ಹೊಸದಲ್ಲ. ಸ್ಟೀಲ್‌ಹೆಡ್‌ನ ಬಂಧು ರೇನ್‌ಬೋ ಟ್ರೌಟನ್ನು ಬ್ರಿಟಿಷರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ನೀಲಗಿರಿಯ ತೊರೆಗಳಿಗೆ ತಂದು ಬಿಟ್ಟರು. ಅದಕ್ಕಿಂತ ಮುಖ್ಯವಾದದ್ದು ಕಾವೇರಿಯ ಬಿಳಿಮೀನು, ಅಂದರೆ ಮಹಸೀರ್. ರಾಗಿಹಿಟ್ಟಿನ ಉಂಡೆಯನ್ನು ಎರೆಯಾಗಿ ಕಟ್ಟಿ ಇದನ್ನು ಹಿಡಿಯುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಗಾಳಿಬೋರೆಯಲ್ಲಿ ಹಿಡಿದು ಬಿಡುವ ಶಿಬಿರ ನಡೆಯುತ್ತಿದ್ದಾಗ, 1998ರಿಂದ 2012ರವರೆಗೆ, ಹಿಡಿದ ಮೀನುಗಳ ವಿವರವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವಿಜ್ಞಾನಿಗಳು ಅದನ್ನು ಪರಿಶೀಲಿಸಿದಾಗ ಒಟ್ಟು ಮೀನು ಹೆಚ್ಚುತ್ತಿದ್ದರೂ ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕಾಣೆಯಾಗುತ್ತಿರುವುದು ತಿಳಿಯಿತು. ಹೆಚ್ಚುತ್ತಿದ್ದುದು ಸಾಕಣೆ ಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಸೀರ್. ಗೂನುಬೆನ್ನಿನದಕ್ಕೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಗುರುತು ಸ್ಪಷ್ಟವಾದದ್ದೂ, ಅದು ತೀವ್ರ ಅಪಾಯದಂಚಿನ ಜೀವಿ ಎಂದು ಪಟ್ಟಿಯಾದದ್ದೂ 2018ರಲ್ಲಿ. ಗಾಳಗಾರರ ಹಳೆಯ ನೋಟುಪುಸ್ತಕ ಇಲ್ಲದಿದ್ದರೆ ಈ ಕುಸಿತದ ಲೆಕ್ಕ ಯಾರಿಗೂ ಸಿಕ್ಕುತ್ತಿರಲಿಲ್ಲ.

ವಾಷಿಂಗ್ಟನ್ನಿನ ಎಲ್ವಾ ನದಿಯ ಸುದ್ದಿಯನ್ನು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಅಲ್ಲಿ ಕಡಲಿನಿಂದ ಎಂಟು ಕಿಲೋಮೀಟರ್ ಮೇಲೆ 1913ರಲ್ಲಿ ಒಂದು, ಇನ್ನೂ ಮೇಲೆ 1927ರಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿದ್ದರು. ಎರಡಕ್ಕೂ ಮೀನಿನ ಮೆಟ್ಟಿಲುಗಳಿರಲಿಲ್ಲ. ಬೇಸಿಗೆಯ ಸ್ಟೀಲ್‌ಹೆಡ್ ಆ ನದಿಯಿಂದ ಹೆಚ್ಚುಕಡಿಮೆ ಅಳಿದೇಹೋಗಿತ್ತು. ದಶಕಗಳ ಚರ್ಚೆಯ ನಂತರ 2011ರಿಂದ 2014ರೊಳಗೆ ಎರಡನ್ನೂ ಒಡೆದು ತೆಗೆದರು. ಗಾಳ, ಬಲೆಗಳನ್ನೂ ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ, ನೀರಿಗಿಳಿದು ಮುಖವಾಡ ಹಾಕಿ ಮೀನೆಣಿಸುವವರಿಗೆ ಬೇಸಿಗೆಯ ಸ್ಟೀಲ್‌ಹೆಡ್‌ಗಳು ನೂರಾರು ಸಂಖ್ಯೆಯಲ್ಲಿ ಕಂಡವು. ಅವನ್ನು ಯಾರೂ ತಂದು ಬಿಟ್ಟಿರಲಿಲ್ಲ. ಅಣೆಕಟ್ಟಿನ ಮೇಲೆ ಸಿಕ್ಕಿಬಿದ್ದಿದ್ದ ಮೀನುಗಳು ಸಾಮಾನ್ಯ ರೇನ್‌ಬೋ ಟ್ರೌಟ್‌ಗಳಾಗಿ ಸುಮಾರು ನೂರು ವರ್ಷ ಬಾಳಿದ್ದವು. ಮೊದಲೇ ಹೊರಟು ಬೇಸಿಗೆಯಲ್ಲಿ ಹೊಳೆಯೇರುವ ಗುಣಕ್ಕೆ ಸಂಬಂಧಿಸಿದ ಜೀನುಗಳು ಅವುಗಳಲ್ಲಿ ಉಳಿದುಕೊಂಡಿದ್ದುದನ್ನು ಡಿಎನ್‌ಎ ಪರೀಕ್ಷೆಗಳು ತೋರಿಸಿದವು. ದಾರಿ ತೆರೆದೊಡನೆ ಅವುಗಳ ಮರಿಗಳಲ್ಲಿ ಕೆಲವು ಬೆಳ್ಳಿಯ ಬಣ್ಣಕ್ಕೆ ತಿರುಗಿ, ಕಿವಿರಿನ ಪಂಪುಗಳನ್ನು ಬದಲಿಸಿಕೊಂಡು, ಕಡಲಿಗೆ ಹೊರಟಿದ್ದವು.